ಹಸುವಿನ ಮುಂದೆ ದೇವಿ ಹಾಕಿಸಿದ್ದು

ಭೇರ್ಯದ ಚಾವಡಿಯ ಮೆಟ್ಟಿಲ ಮೇಲೆ, ದನಗಳು ಮೇಯಲು ಹೊರಡುವ ಹೊತ್ತಿನಲ್ಲಿ ನಾನು ನಿಂತಿದ್ದೆ. ಪಕ್ಕದ ಹಳ್ಳಿಗೆ ಸಿಡುಬು ಬಂದಿತ್ತು. ಅದು ತಗಲದಂತೆ ದೇವಿ ಹಾಕಲು ಬಂದಿದ್ದ ಡಾಕ್ಟರ ಎದುರು ಸಣ್ಣಮ್ಮ ತನ್ನ ಮೊಮ್ಮಗಳು ಗೌರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಗೌರಿಯ ತಾಯಿಯನ್ನು ಅದೇ ಬೇನೆ ಕೊಂಡೊಯ್ದಿತ್ತು.

"ಚುಚ್ಚಿದ್ರೆ ಮಾರಮ್ಮ ಮುನಿಸ್ಕತಾಳೆ. ಬುಟ್ಬುಡಿ ಸ್ವಾಮಿ."

ಡಾಕ್ಟರು ರೇಗಲಿಲ್ಲ. ಇಂಗ್ಲಿಷಿನವರು ಇದಕ್ಕೆ 'ವ್ಯಾಕ್ಸಿನೇಟ್' ಮಾಡುವುದು ಎನ್ನುತ್ತಾರೆ, ಆ ಮಾತು ಹುಟ್ಟಿದ್ದು ಲ್ಯಾಟಿನ್ ಎಂಬ ಹಳೆಯ ಭಾಷೆಯ 'ವಾಕ್ಕ'ದಿಂದ, ವಾಕ್ಕ ಎಂದರೆ ಹಸು, ಈ ಮದ್ದು ಮೊದಲು ಸಿಕ್ಕಿದ್ದೇ ಹಸುವಿನ ಕೆಚ್ಚಲ ಗುಳ್ಳೆಯಿಂದ ಎಂದು ನಿಧಾನವಾಗಿ ಹೇಳಿದರು.

ಸಣ್ಣಮ್ಮ ಮಗುವಿನೊಡನೆ ಮನೆಗೆ ನಡೆದಳು. ಇನ್ನು ಬರುವುದಿಲ್ಲವೆಂದುಕೊಂಡೆ. ಬಂದಳು, ಹಣೆಗೆ ಅರಿಶಿನ ಕುಂಕುಮ ಹಚ್ಚಿದ ತನ್ನ ಕೆಂದ ಹಸುವನ್ನು ಹಿಡಿದುಕೊಂಡು. ಗೌರಿಯ ಒಂದು ಕೈಯನ್ನು ಅದರ ಬೆನ್ನ ಮೇಲಿಟ್ಟು, ಇನ್ನೊಂದನ್ನು ಡಾಕ್ಟರತ್ತ ಚಾಚಿದಳು.

"ಈ ತಾಯಿ ಮುಂದೇನೇ ಆಕಿ. ಇವ್ಳು ಕೊಟ್ಟಿದ್ದು ಅಂದ್ಮೇಲೆ ಮಾರಮ್ಮ ಏನಂದಾಳು?"

ಡಾಕ್ಟರು ಚುಚ್ಚಲು ಬಗ್ಗಿದಾಗ ಹಸು ಅವರ ಕೋಟನ್ನು ನೆಕ್ಕಿತು. ಗೌರಿ ಅಳುವುದನ್ನು ಮರೆತು ನಕ್ಕಳು.

ಆಮೇಲೆ ಸಿಡುಬು ನಮ್ಮೂರಿಗೂ ಬಂತು, ಅವಳನ್ನು ಮುಟ್ಟಲಿಲ್ಲ. ಅಂದು ಇದನ್ನು ಕಂಡವರಲ್ಲಿ ನನ್ನ ಹೊರತು ಈಗ ಉಳಿದಿರುವವರು ಇಬ್ಬರೇ: ಬಡಗಿ ನಿಂಗಾಚಾರಿ, ಮತ್ತು ಮಿರ್ಲೆಯಲ್ಲಿ ಮಕ್ಕಳ ತಾಯಿಯಾಗಿರುವ ಗೌರಿ.