ಹದಿನಾಲ್ಕು ಸೀರೆಗಳ ಓಟ

ನನ್ನ ಮಗಳು ಹುನಗುಂದದ ಬಸ್ಸನ್ನು ಹಿಂದೆ ಹಾಕಿದಳೆಂಬ ಸುದ್ದಿಯನ್ನು ನಾನು ಮೊದಲು ಕೇಳಿದ್ದು ಕಿರಾಣಿ ಅಂಗಡಿಯಲ್ಲಿ. ಅಂಗಡಿಯವರು ತೊಗರಿಬೇಳೆ ಕಟ್ಟುತ್ತ, "ಏನ್ರಿ ಅಕ್ಕಾರ, ನಿಮ್ಮ ಹುಡುಗಿ ಬಸ್ಸಿಗೂ ದಾರಿ ಬಿಡಂಗಿಲ್ಲಂತಲ್ರಿ" ಎಂದರು. ನಡೆದದ್ದಿಷ್ಟೆ: ಇಳಕಲ್ಲಿನ ಹೊರಗೆ ಕುರಿ ಹಿಂಡು ಅಡ್ಡ ಬಂದು ಬಸ್ಸು ನಿಂತಿತ್ತು, ಇವಳು ಅದರ ಪಕ್ಕದಿಂದ ಓಡಿ ಹೋಗಿದ್ದಳು. ಕುರಿಗಳ ವಿಷಯವನ್ನು ನನ್ನ ಮಾವನವರು ಯಾರಿಗೂ ಹೇಳಿರಲಿಲ್ಲ.

ಮಾವನವರು ಜೀವನವಿಡೀ ಸೀರೆ ವ್ಯಾಪಾರ ಮಾಡಿದವರು. ಈಗ ಸಂಜೆಯಾದರೆ ಮನೆ ಮುಂದಿನ ಕಟ್ಟೆಯ ಮೇಲೆ ಗೆಳೆಯರೊಂದಿಗೆ ಕೂತು ಮೊಬೈಲಿನಲ್ಲಿ ಫುಟ್‌ಬಾಲ್ ನೋಡುತ್ತಾರೆ. ಯಾವುದೋ ದೇಶದ ಆಟಗಾರ ಜಿಂಕೆಗಿಂತ ಜೋರಾಗಿ ಓಡುತ್ತಾನಂತೆ, ಇನ್ನೊಬ್ಬ ಒದ್ದ ಚೆಂಡಿಗೆ ಬಲೆಯೇ ಹರಿಯಿತಂತೆ. ಇಂಥದ್ದೊಂದು ಬಂದರೆ ಸಾಕು, ಮೊಮ್ಮಗಳನ್ನು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಿಸಲೇಬೇಕು ಅವರಿಗೆ.

"ಆಂವ ಒದ್ರ ಬಲಿ ಹರೀತೈತಿ. ನಮ್ಮಕಿ ಒದ್ರ ಗ್ರಾನೈಟ್ ಕಲ್ಲ ಸೀಳತೈತಿ."

"ಹಂಗಾರ ಕಲ್ಲ ಕೊಯ್ಯೋ ಮಶೀನ್ ಯಾಕ್ ಬೇಕಲೇ," ಎಂದರು ಪಾಲಿಶ್ ಕಾರ್ಖಾನೆಯಲ್ಲಿದ್ದ ಗೆಳೆಯರೊಬ್ಬರು. "ನಾಳಿಂದ ಆಕಿನ್ನ ಕೆಲಸಕ್ಕ ಕಳಸು."

ಎಲ್ಲರೂ ನಕ್ಕರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನಾನೂ ನಕ್ಕೆ. ಅವಳ ಚೆಂಡು ತಾಗಿದ ಆ ಕಲ್ಲು ಮೊದಲೇ ಸೀಳು ಬಿಟ್ಟಿದ್ದರಿಂದ ಕಾರ್ಖಾನೆಯವರು ಹೊರಗೆ ಎಸೆದದ್ದೆಂದು ನನಗೆ ಗೊತ್ತಿತ್ತು.

ಮಗಳು ಅಷ್ಟು ಜೋರಾಗಿ ಓಡುವವಳಲ್ಲ. ನೀರಿನ ಬಾಟಲಿ ಹಿಡಿದು ಮೈದಾನದ ಅಂಚಿನಲ್ಲಿ ಎಷ್ಟೋ ಸಂಜೆ ನಿಂತ ನನಗೆ ಅವಳ ಬೇರೊಂದು ಗುಣ ಕಂಡಿತ್ತು. ಚೆಂಡು ಬರುವ ಮೊದಲೇ ಅವಳು ಎಡ ಭುಜದ ಮೇಲಿಂದ ಒಮ್ಮೆ, ಬಲ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡುತ್ತಾಳೆ. ಆಮೇಲೆ ಗೆಳತಿ ಇನ್ನೂ ತಲುಪದ ಜಾಗಕ್ಕೆ ಚೆಂಡು ಕಳಿಸುತ್ತಾಳೆ, ಗೆಳತಿ ಅಲ್ಲಿಗೆ ಬಂದಾಗ ಚೆಂಡೂ ಬಂದಿರುತ್ತದೆ. ಆದರೆ ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುವಂಥ ಸಂಗತಿಯಲ್ಲ ಅದು.

ಬಾಗಲಕೋಟೆಯಲ್ಲಿ ಕ್ರೀಡಾ ವಸತಿ ಶಾಲೆಯ ಫುಟ್‌ಬಾಲ್ ತಂಡಕ್ಕೆ ಆಯ್ಕೆ ಇತ್ತು, ಬೆಳಿಗ್ಗೆ ಓಟ, ಮಧ್ಯಾಹ್ನ ಆಟ. ಮುಂದಿನ ವರ್ಷ ಅವಳ ವಯಸ್ಸು ಮೀರುತ್ತಿತ್ತು. ಊರಲ್ಲಿ ಅವಳ ಜೊತೆ ಆಡುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಆಟ ಬಿಟ್ಟು ಮನೆಯಲ್ಲಿ ಕೂತಿದ್ದರು. "ಇದೊಂದು ಆಗಲಿಲ್ಲಂದ್ರ ಆಡಾಕ ಯಾರೂ ಇಲ್ಲ ಮಮ್ಮಿ. ಒಬ್ಬಾಕಿನ ಗ್ವಾಡಿಗೆ ಚೆಂಡ್ ಒದಕೋತ ಕೂಡಬೇಕು" ಎಂದು ಬೂಟಿನ ಲೇಸು ತೊಳೆಯುತ್ತ ತಲೆ ಎತ್ತದೆ ಹೇಳಿದ್ದಳು.

ಅರ್ಜಿಯಲ್ಲಿ ನೂರು ಮೀಟರ್ ಓಟದ ಸಮಯ ಬರೆಯಬೇಕಿತ್ತು. ಶಾಲೆಯ ಅಳತೆ ಟೇಪು ಹರಿದು ಹೋಗಿತ್ತು. "ಟೇಪ್ ಯಾಕ್ ಬೇಕು? ಒಂದ್ ಸೀರಿ ಕೊಡವಾ ತಂಗಿ," ಎಂದರು ಮಾವನವರು. ನಾನು ಕಪಾಟಿನಿಂದ ದಿನಬಳಕೆಯ ಹಸಿರು ಸೀರೆ ತೆಗೆದುಕೊಟ್ಟೆ. ಮೈದಾನದಲ್ಲಿ ಅದರ ಒಂದು ತುದಿಯನ್ನು ನನ್ನ ಯಜಮಾನರು, ಇನ್ನೊಂದನ್ನು ನಾನು ಹಿಡಿದು ಅಳೆಯುತ್ತ ಹೋದೆವು. ಮಾವನವರು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು, ಸೀರೆಗೊಂದು ಹರಳಿನಂತೆ ಎಣಿಸಿದರು. ಹದಿನಾಲ್ಕು ಹರಳು.

"ನಾಕ್ ಹೆಜ್ಜಿ ಹೆಚ್ಚs ಇರ್ಲಿ," ಎಂದರು. "ನಾಳೆ ಯಾರೂ ಕಡಿಮಿ ಅಳದಾರ ಅನಬಾರದು."

ಅಲ್ಲಿ ಸುಣ್ಣದ ಗೆರೆ ಎಳೆದೆವು. ಮಗಳು ಓಡಿದಳು. ಮೊಬೈಲು ಹನ್ನೆರಡು ಸೆಕೆಂಡು ತೋರಿಸಿತು. ಮಾವನವರ ಮಾತಿನ ಮೇಲೆ ಪಿ.ಟಿ. ಸರ್ ಸಹಿ ಹಾಕಿದರು. ಕಾನ್ವೆಂಟಿನ ಸಿಸ್ಟರ್ ತಿದ್ದಿಸಿದ ನನ್ನ ದುಂಡು ಅಕ್ಷರದಲ್ಲಿ ಅರ್ಜಿಯನ್ನು ತುಂಬಿದ್ದು ನಾನೇ. ಒಂದು ತಿಂಗಳು ಅವಳು ದಿನವೂ ಆ ಗೆರೆಯವರೆಗೆ ಓಡಿ ಅಭ್ಯಾಸ ಮಾಡಿದಳು.

ಆಯ್ಕೆಗೆ ಎರಡು ದಿನ ಇರುವಾಗ ಕಟ್ಟೆಗೆ ಚಹಾ ಒಯ್ದಿದ್ದೆ. ಮಾವನವರು ಗೆಳೆಯರಿಗೆ ಲೆಕ್ಕ ಒಪ್ಪಿಸುತ್ತಿದ್ದರು. "ಸೀರಿ ಅಂದ್ರ ಎಂಟು ಗಜ. ಹದಿನಾಕ್ ಎಂಟ್ಲೆ ನೂರಾ ಹನ್ನೆರಡು ಗಜ. ನೂರ್ ಮೀಟರಿಗೆ ಮ್ಯಾಲ ಆಗತೈತಿ ನೋಡು."

ನಾನು ಚಹಾದ ಕಪ್ಪುಗಳನ್ನು ಕಟ್ಟೆಯ ಮೇಲೆ ಇಟ್ಟೆ. ಮಾವನವರು ಮಾರುತ್ತಿದ್ದದ್ದು, ಅತ್ತೆಯವರು ಉಡುತ್ತಿದ್ದದ್ದು ಎಂಟು ಗಜದ ಸೀರೆ. ಅವರು ತೀರಿಕೊಂಡ ಮೇಲೆ ಅವನ್ನೆಲ್ಲ ನೆಂಟರಿಗೆ ಹಂಚಿದ್ದೆವು. ಈಗ ಮನೆಯಲ್ಲಿದ್ದವು ನನ್ನವು ಮಾತ್ರ, ಅಷ್ಟೂ ಆರು ಗಜದವು. ಒಳಗೆ ಹೋಗಿ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಎಂಬತ್ತನಾಲ್ಕು ಗಜ. ಆ ನಾಲ್ಕು ಹೆಜ್ಜೆ ಸೇರಿಸಿದರೂ ಎಂಬತ್ತು ಮೀಟರು. ನನ್ನ ಮಗಳು ನೂರು ಮೀಟರು ಓಡಿಯೇ ಇರಲಿಲ್ಲ.

ಯಜಮಾನರಿಗೆ ಹೇಳಿದೆ. ಅವರು "ಫಾರ್ಮ್ ಹೋಗೇತಿ. ಈಗ ಹೇಳಿದ್ರ ಆಕಿ ಕಾಲಾಗಿನ ಜೀವಾನ ಹೋಗ್ತೈತಿ. ಸುಮ್ನಿರು" ಎಂದರು. ನಾನು ಸುಮ್ಮನಿದ್ದೆ.

ಬಾಗಲಕೋಟೆಗೆ ಹೋದದ್ದು ನಾನೂ ಮಗಳೂ ಇಬ್ಬರೇ. ಹುನಗುಂದ ಬಂದಾಗ ಹೇಳಬೇಕೆಂದುಕೊಂಡೆ. ಅವಳು ಮೊಸರನ್ನದ ಡಬ್ಬಿ ತೆರೆದಳು, ಹೊಟ್ಟೆ ತುಂಬಲಿ ಎಂದು ಬಿಟ್ಟೆ. ಕಮತಗಿಯಲ್ಲಿ ಬಾಯಿ ತೆರೆದೆ. "ಮಮ್ಮಿ, ಅಜ್ಜಗ ಮೊದಲ ನಾನ ಫೋನ್ ಮಾಡಾಕಿ, ನೀ ಹೇಳಬ್ಯಾಡ" ಎಂದಳು. ಕಿಟಕಿಯ ಗಾಜಿನಲ್ಲಿ ಅವಳ ಎರಡು ಜಡೆಗಳ ನಡುವಿನ ನೆಟ್ಟಗಿನ ಬೈತಲೆ ಕಾಣುತ್ತಿತ್ತು, ಬೆಳಿಗ್ಗೆ ನಾನೇ ತೆಗೆದದ್ದು. ಆಮೇಲೆ ಬಾಗಲಕೋಟೆಯೇ ಬಂದುಬಿಟ್ಟಿತು.

ಆಯ್ಕೆಯ ಮೇಡಂ ಅರ್ಜಿ ನೋಡಿ ಹುಬ್ಬೇರಿಸಿದರು. "ಹನ್ನೆರಡು ಸೆಕೆಂಡಾ? ಹಂಗಾರ ಮೊದಲನೇ ಗುಂಪಿನಾಗ ನಿಂದ್ರವಾ." ಅಲ್ಲಿ ನಿಂತವರೆಲ್ಲ ಉದ್ದ ಕಾಲಿನ, ಓಟದ ಹುಡುಗಿಯರು. ಅವರು ತಿರುಗಿ ಇವಳನ್ನು ನೋಡಿದರು. ಇವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. ಆಗಲಾದರೂ ನಾನು ಹೋಗಿ ಹೇಳಬಹುದಿತ್ತು. ಹಗ್ಗದ ಈಚೆ ಸೆರಗಿನ ತುದಿ ಹಿಂಡುತ್ತ ನಿಂತೆ.

ಮುಕ್ಕಾಲು ದಾರಿಯವರೆಗೆ ಅವಳು ಅವರ ಹಿಂದೆಯೇ ಇದ್ದಳು. ಆಮೇಲೆ ಎದೆ ಮುಂದೆ ಚಾಚಿ, ಕಾಲಿನ ವೇಗ ತಗ್ಗಿಸಿದಳು. ಬೇವಿನ ಗಿಡದ ಮೈದಾನದಲ್ಲಿ ಗೆರೆ ಇದ್ದದ್ದು ಅಷ್ಟು ದೂರದಲ್ಲೇ. ಓಟ ಅಲ್ಲಿಗೆ ಮುಗಿಯುತ್ತದೆ ಎಂದು ಆ ಕಾಲುಗಳಿಗೆ ನಾವೇ ಒಂದು ತಿಂಗಳು ಕಲಿಸಿದ್ದೆವು. ಉಳಿದವರು ಮುಂದೆ ಓಡುತ್ತಲೇ ಇದ್ದರು. ಅವಳು ತಲೆ ಎತ್ತಿ ನೋಡಿದಳು, ಗಾಬರಿಯಾಗಿ ಮತ್ತೆ ಮುನ್ನುಗ್ಗಿದಳು. ಎರಡು ಹೆಜ್ಜೆಗೆ ತೊಡೆಯ ಹಿಂಭಾಗ ಹಿಡಿದುಕೊಂಡಳು. ಕುಂಟುತ್ತಲೇ ಗೆರೆ ದಾಟಿದಳು.

ಮಧ್ಯಾಹ್ನದ ಆಟಕ್ಕೆ ಅವಳಿಗೆ ನಿಲ್ಲಲೂ ಆಗಲಿಲ್ಲ. ನಾನು ಮೇಡಂ ಹತ್ತಿರ ಹೋದೆ.

"ಓಟದ್ದು ತಪ್ಪಾಗೇತ್ರಿ, ಅದು ನಮ್ಮ ತಪ್ಪು. ಆಕಿ ಆಟ ನೋಡ್ರಿ ಮೇಡಂ. ಚೆಂಡ್ ಬರೂಕಿಂತ ಮೊದಲ ಹಿಂದ ಹೊಳ್ಳಿ ನೋಡ್ತಾಳ. ಒಂದs ಸಲ ನೋಡ್ರಿ."

ಅವರು ಸಿಟ್ಟು ಮಾಡಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. "ಕುಂತಾಕಿ ಆಟ ನಾ ಹೆಂಗ ನೋಡ್ಲಿ ಅಕ್ಕಾರ?" ಎಂದು ಅರ್ಜಿಯನ್ನು ರಾಶಿಯ ಕೆಳಗೆ ಇಟ್ಟರು. ನನ್ನ ದುಂಡು ಅಕ್ಷರಗಳ ಮೇಲೆ ಬೇರೆಯವರ ಕಾಗದಗಳು ಕೂತವು.

ತಿರುಗಿ ಬರುವಾಗ ಬಸ್ಸಿನಲ್ಲಿ ಹೇಳಿದೆ. ಸೀರೆ ಆರು ಗಜದ್ದೆಂದೆ. ಅವಳು ಕಿಟಕಿಯಿಂದ ಮುಖ ತೆಗೆಯದೆ, "ನಿನಗ ಯಾವಾಗ ಗೊತ್ತಾತು?" ಎಂದಳು.

"ಮೊನ್ನೆ."

ಇಳಕಲ್ಲು ಬಂತು. ನಾನು ಅವಳ ಚೀಲ ತೆಗೆದುಕೊಳ್ಳಲು ಹೋದೆ, ಕೊಡಲಿಲ್ಲ.

ಮಾವನವರು ಕಟ್ಟೆಯಿಂದ ಎದ್ದು ನಿಂತಿದ್ದರು. ಅವಳು ಕುಂಟುತ್ತ ಮೆಟ್ಟಿಲು ಹತ್ತಿ, "ಆಗಲಿಲ್ಲಜ್ಜಾ. ಅಲ್ಲಿ ಗ್ರೌಂಡ್ ಭಾಳ ಉದ್ದ ಐತಿ" ಎಂದು ಒಳಗೆ ಹೋದಳು.

"ನೂರ್ ಮೀಟರ್ ಅಂದ್ರ ಎಲ್ಲಾ ಕಡೆ ನೂರ್ ಮೀಟರ್ ಅಲ್ಲೇನ? ಅವರ ತಪ್ಪ ಅಳದಾರ," ಎಂದರು ಮಾವನವರು. "ಸೀರಿ ಕೊಡವಾ ತಂಗಿ. ನಾ ಹೋಗಿ ಅಲ್ಲೇ ಅಳದು ತೋರಸ್ತೇನಿ."

ಈ ಸಲ ಸುಮ್ಮನಿರಲು ನನ್ನಿಂದಾಗಲಿಲ್ಲ. ಅದೇ ಹಸಿರು ಸೀರೆ ತಂದೆ. ಒಗೆದರೂ ಅದರ ಅಂಚಿನಲ್ಲಿ ಮೈದಾನದ ಕೆಂಪು ಉಳಿದಿತ್ತು. ಅವರ ಕೈಗೆ ತುದಿ ಕೊಟ್ಟು, "ಮೊದಲ ಇದನ್ನ ಅಳೀರಿ ಮಾಮಾರ" ಎಂದೆ.

ಅಂಗಡಿಯಲ್ಲಿ ಅಳೆಯುತ್ತಿದ್ದಂತೆಯೇ ಬಟ್ಟೆಯ ಅಂಚನ್ನು ಮೂಗಿನ ಹತ್ತಿರ ಹಿಡಿದು, ಇನ್ನೊಂದು ಕೈ ನೀಳವಾಗಿ ಚಾಚಿ ಅವರು ಗಜ ಗಜವಾಗಿ ಎಣಿಸತೊಡಗಿದರು. ಒಂದು. ಎರಡು. ಬಾಗಿಲ ಹಿಂದೆ ಮಗಳು ಬಂದು ನಿಂತದ್ದು ಅವಳ ಕುಂಟು ಹೆಜ್ಜೆಯಿಂದಲೇ ತಿಳಿಯಿತು. ಐದು. ಆರು. ಸೀರೆ ಮುಗಿಯಿತು. ಏಳನೆಯದಕ್ಕೆಂದು ಮೂಗಿನವರೆಗೆ ಹೋದ ಮಾವನವರ ಕೈ, ಹಿಡಿಯಲು ಬಟ್ಟೆಯಿಲ್ಲದೆ, ಅಲ್ಲೇ ನಿಂತಿತು.