ಪೂರ್ತಿ ನೋಡದೆ ಹಾಕುವುದಿಲ್ಲ

ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸ್‌ಗೆ ಇನ್ನೂ ಬೆಳಕು ಹರಿದಿಲ್ಲ. ಎರಡನೇ ಮಹಡಿಯ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದೆ. ಸಾಸಿವೆ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಐಐಟಿಯ ಮೇಷ್ಟ್ರೊಬ್ಬರು ಸೇತುವೆ ಭಾರ ಹೊರುವ ಬಗೆಯನ್ನು ವಿವರಿಸುತ್ತಿದ್ದಾರೆ. ವೈಜಯಂತಿಯವರ ಕೈ ಸೌಟಿನ ಮೇಲೆ, ಕಣ್ಣು ಮೇಷ್ಟ್ರ ಮೇಲೆ. ರವೆ ಸೀದ ವಾಸನೆ ಬಂದರೂ ಪಾಠ ನಿಲ್ಲುವುದಿಲ್ಲ, ಒಲೆ ಮಾತ್ರ ಆರುತ್ತದೆ.

ಹಾಗಂತ ಇವರು ಯಾವ ಪರೀಕ್ಷೆಗೂ ಕೂತಿಲ್ಲ. ದಾವಣಗೆರೆಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ದೆಹಲಿಗೆ ಬಂದವರು. ಈಗ ಗ್ರೇಟರ್ ನೋಯ್ಡಾದ ಖಾಸಗಿ ಕಾಲೇಜೊಂದರ ಲ್ಯಾಬಿನಲ್ಲಿ ಸಹಾಯಕಿ. ಸಂಬಳದ ಕೆಲಸ ಅದು. ಮನಸ್ಸಿನ ಕೆಲಸ ಮಾತ್ರ ‘ಎಲ್ಲಿ ಕಲಿಯೋಣ?’ ಎಂಬ ಪುಟ್ಟ ಕನ್ನಡ ಜಾಲತಾಣ. ಎಂಜಿನಿಯರಿಂಗ್ ಪಾಠಗಳು, ಭೂಪಟಗಳು, ಸಂವಿಧಾನದ ವಿವರಣೆಗಳು, ಹೀಗೆ ಪುಕ್ಕಟೆ ಸಿಗುವ ಒಳ್ಳೆಯ ಸರಕಿನ ದಾರಿ ತೋರಿಸುವುದು ಅದರ ಕಸುಬು.

ಅಂತರ್ಜಾಲದಲ್ಲಿ ಪಾಠಗಳಿಗೇನು ಬರವೇ? ಬರವಿರುವುದು ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವವರಿಗೆ. ವೈಜಯಂತಿ ಪ್ರತಿ ಲಿಂಕಿನ ಕೆಳಗೂ ನಾಲ್ಕು ಸಾಲು ಬರೆಯುತ್ತಾರೆ: ಇದು ಯಾರಿಗೆ, ಮೊದಲು ಏನು ಗೊತ್ತಿರಬೇಕು, ಮೇಷ್ಟ್ರು ಎಲ್ಲಿ ಪಾಠ ಓಡಿಸಿಬಿಡುತ್ತಾರೆ. ಬರೆದದ್ದನ್ನು ಮಗಳು ಚಿನ್ಮಯಿಗೆ ಓದಿ ಹೇಳುತ್ತಾರೆ. ದೆಹಲಿಯಲ್ಲೇ ಬೆಳೆದ ಅವಳ ಕನ್ನಡ ಅಷ್ಟಕ್ಕಷ್ಟೇ; ಅರ್ಥವಾಗದೆ ಮುಖ ಹಿಂಡಿದರೆ ಆ ನಾಲ್ಕು ಸಾಲಿನ ಕತೆ ಮುಗಿಯಿತು, ಮತ್ತೆ ಬರೆಯಬೇಕು.

ಮುಖರ್ಜಿ ನಗರದಲ್ಲಿ ರೂಮು ಮಾಡಿಕೊಂಡು ಐಎಎಸ್ ಪರೀಕ್ಷೆಗೆ ಓದುತ್ತಿರುವ ಕಾರ್ತಿಕೇಯನಿಗೆ ಈ ಪುಟದ ಮೇಲೆ ಎಲ್ಲಿಲ್ಲದ ಅಭಿಮಾನ, ಜೊತೆಗೊಂದು ತಕರಾರು. ಪುಟ ತೆರೆದ ಕೂಡಲೇ ಕೆಂಪಕ್ಷರದಲ್ಲಿ ಕಾಣುವುದು ಇದು: ‘ಇಲ್ಲಿ ನಾನೊಂದು ತಪ್ಪು ಪಾಠ ತೋರಿಸಿದ್ದೆ. ಒಬ್ಬರ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು.’

“ಅದನ್ನ ತೆಗೀರಿ ಮೇಡಂ, ಹೊಸಬರು ಹೆದರ್ತಾರೆ ಅಂತ ಎಷ್ಟು ಹೇಳಿದ್ರೂ ಕೇಳಲ್ಲ,” ಎನ್ನುತ್ತಾನೆ.

ಆದದ್ದಿಷ್ಟು. ಹೋದ ಚಳಿಗಾಲದಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರ್‌ಗೆ ತಂತಿ ಸುತ್ತುವುದನ್ನು ಕಲಿಸುವ ಅಮೆರಿಕದ ವಿಡಿಯೊ ಒಂದು ಸಿಕ್ಕಿತು. ಬಲು ಚೆಂದದ ಪಾಠ. ಕುಕ್ಕರ್ ಕೂಗುವ ಅವಸರದಲ್ಲಿ ವೈಜಯಂತಿ ಪೀಠಿಕೆ ಹಾರಿಸಿ ಮಿಕ್ಕದ್ದನ್ನು ನೋಡಿ, ಪುಟಕ್ಕೆ ಹಾಕಿಬಿಟ್ಟರು. ಇದು ತಮ್ಮ ದೇಶದ ಕರೆಂಟಿಗೆ ಮಾಡಿದ ಲೆಕ್ಕ ಎಂದು ಪಾಠ ಮಾಡಿದಾತ ಹೇಳಿದ್ದು ಆ ಪೀಠಿಕೆಯಲ್ಲೇ! ಅಲ್ಲಿನ ವೋಲ್ಟೇಜು ನಮ್ಮದರ ಅರ್ಧದಷ್ಟು. ಆ ಲೆಕ್ಕಕ್ಕೆ ಸುತ್ತಿದ್ದನ್ನು ನಮ್ಮ ಪ್ಲಗ್ಗಿಗೆ ಸಿಕ್ಕಿಸಿದರೆ ಹೊಗೆಯೇ ಗತಿ.

ಸಿಕ್ಕಿಸಿದವಳು ಮೋನಿಷಾ. ಅಪ್ಪ ಸೈನ್ಯದಲ್ಲಿರುವ ಕೊಡಗಿನ ಹುಡುಗಿ, ದೆಹಲಿಯಲ್ಲೇ ಡಿಪ್ಲೊಮಾ ಓದುತ್ತಿದ್ದಳು. ಮುಖ ನೋಡಿಲ್ಲ, ಆದರೆ ವಾರಕ್ಕೊಮ್ಮೆಯಾದರೂ ಪ್ರಶ್ನೆ ಕಳಿಸಿ ವೈಜಯಂತಿಯವರ ತಲೆ ತಿನ್ನುತ್ತಿದ್ದಳು. ಅವಳ ಕೊನೆಯ ಸಂದೇಶ ಅವರಿಗೆ ಬಾಯಿಪಾಠ: “ಆಂಟಿ, ಎಲ್ಲರ ಮುಂದೆ ಸುಟ್ಟುಹೋಯ್ತು. ನಂಗೆ ಇದು ಆಗ್ಬರಲ್ಲ ಅನ್ಸತ್ತೆ. ಬಿಟ್ಬಿಡ್ತೀನಿ.”

ತಪ್ಪು ನನ್ನದು, ನಿನ್ನದಲ್ಲ ಎಂದು ಅವತ್ತೇ ಬರೆದರು. ಆಮೇಲೂ ಬರೆದರು. ಉತ್ತರವಿಲ್ಲ. ಕೆಂಪಕ್ಷರ ಬಂದದ್ದು ಆಗ, ಅವಳು ಎಂದಾದರೂ ಪುಟ ತೆರೆದರೆ ಮೊದಲು ಅದೇ ಕಣ್ಣಿಗೆ ಬೀಳಲಿ ಎಂದು. ಅಂದಿನಿಂದ ಯಾವ ವಿಡಿಯೊವನ್ನೂ ಹಾರಿಸಿ ಹಾರಿಸಿ ನೋಡುವುದಿಲ್ಲ. ಪೀಠಿಕೆಯಿಂದ ಕೊನೆಯ ನಮಸ್ಕಾರದವರೆಗೆ ಪೂರ್ತಿ. ನೋಯ್ಡಾ ದಾರಿಯ ಟ್ರಾಫಿಕ್ಕಿಗೆ ಲೋಕವೆಲ್ಲ ಶಾಪ ಹಾಕಿದರೆ, ಇವರು ಮಾತ್ರ ಜೊತೆಯವರೊಂದಿಗೆ ಕಾಲೇಜಿಗೆ ಹೋಗುವ ಕಾರಿನ ಮೂಲೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೆಮ್ಮದಿಯಾಗಿರುತ್ತಾರೆ.

ಏನಾಸೆ ನಿಮಗೆ ಎಂದರೆ ಹೆಚ್ಚು ಯೋಚಿಸುವುದಿಲ್ಲ. “ಪುಟ ದೊಡ್ಡದಾಗ್ಲಿ ಅಂತೇನಿಲ್ಲ. ಆ ಹುಡುಗಿ ಓದು ಬಿಡದೇ ಇದ್ರೆ ಸಾಕು. ನನ್ನ ಅವಸರಕ್ಕೆ ಅವಳ ಕಲಿಕೆ ನಿಂತೋದ್ರೆ ಆ ಪಾಪ ನಂದೇ.”

ಉಪ್ಪಿಟ್ಟು ಡಬ್ಬಿಗೆ ಬಿದ್ದಿದೆ, ಕೆಳಗೆ ಕಾರಿನ ಹಾರ್ನು ಶುರುವಾಗಿದೆ. ಅಷ್ಟರಲ್ಲಿ ಮೊಬೈಲು ಟಿಣ್ ಎನ್ನುತ್ತದೆ. ಮೋಟರಿನ ಹೊಸ ಪಾಠಮಾಲೆಯಲ್ಲಿ ಎರಡನೆಯದನ್ನು ಒತ್ತಿದರೆ ಮೂರನೆಯದು ತೆರೆಯುತ್ತಿದೆಯೆಂದು ಯಾರದೋ ದೂರು. “ಬೇಗ ಸರಿ ಮಾಡಿ ಆಂಟಿ, ನಾನು ಅಲ್ಲೇ ನಿಂತ್ಕೊಂಡಿದೀನಿ.” ವೈಜಯಂತಿ ಸೆರಗಿಗೆ ಕೈಯೊರೆಸಿಕೊಂಡು ಮೊದಲು ಲಿಂಕ್ ಸರಿಮಾಡುತ್ತಾರೆ. ಹೆಸರು ನೋಡುವುದು ಆಮೇಲೆ.

ಮೋನಿಷಾ.

ಅವರು ಹೆಸರನ್ನು ಇನ್ನೊಮ್ಮೆ ಓದುತ್ತಾರೆ. ಹಾರ್ನು ಬಡಿದುಕೊಳ್ಳುತ್ತಲೇ ಇದೆ. ಅಮ್ಮನ ಹೆಗಲ ಮೇಲಿಂದ ಇಣುಕಿದ ಚಿನ್ಮಯಿ, “ಅಚ್ಛಾ! ಇನ್ನು ಆ ರೆಡ್ ಲೈನ್ ಹಟಾ ದೋ ಅಮ್ಮಾ, ತೆಗೆದ್ಬಿಡು,” ಎನ್ನುತ್ತಾಳೆ.

“ಇರ್ಲಿ ಬಿಡು. ಅದನ್ನ ಓದ್ಕೊಂಡೇ ತಾನೇ ಅವಳು ಒಳಗೆ ಬಂದಿರೋದು,” ಎನ್ನುತ್ತ ವೈಜಯಂತಿ ಕಣ್ಣೊರೆಸಿಕೊಂಡು ಉತ್ತರ ಟೈಪ್ ಮಾಡುತ್ತಾರೆ: ‘ಸರಿ ಮಾಡಿದೀನಿ. ಮುಂದಕ್ಕೆ ಹೋಗಮ್ಮ.’