ಗೂಗೆಯ ಮಾತನ್ನು ಗಿಣಿ ಆಡಿದ್ದು

ನಾನು ಪಾಠ ಮಾಡುವುದು ಗುರುಗುಂಟಾದಿಂದ ಒಳಗಿರುವ ಒಂದು ಸಣ್ಣ ಹಳ್ಳಿಯ ಶಾಲೆಯಲ್ಲಿ. ಲಿಂಗಸುಗೂರಿನಿಂದ ದಿನಾ ಬಸ್ಸಿಗೆ ಹೋಗಿಬರುತ್ತೇನೆ. ಹೋದ ವರ್ಷ ಶಾಲೆಗೆ ಹೊಸ ಕೋಣೆಯೊಂದು ಬಂತು. ಉದ್ಘಾಟನೆಗೆ ಮಕ್ಕಳಿಂದ ಏನಾದರೂ ಆಡಿಸಿ ಎಂದು ಹೆಡ್‌ಮಾಸ್ತರರು ಹೇಳಿದರು. ನಾನು ಹುರುಪಿನಿಂದ ಒಂದು ನಾಟಕವನ್ನೇ ಬರೆದೆ. ಆ ಹುರುಪು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನಾಟಕದಲ್ಲಿ ಒಂದು ಹಕ್ಕಿಗಳ ರಾಜ್ಯ. ದರ್ಬಾರಿನಲ್ಲಿ ಗೂಗೆಯೊಂದನ್ನು ಬಿಟ್ಟು ಎಲ್ಲ ಹಕ್ಕಿಗಳೂ ಮಾತಾಡಬಹುದು. ಗೂಗೆ ಬಾಯಿ ತೆರೆದರೆ ಕೇಡು ಎಂದು ಅಲ್ಲಿನವರ ನಂಬಿಕೆ. ಆದರೆ ಇಲಿಗಳು ರಾಜ್ಯದ ಕಣಜ ಖಾಲಿ ಮಾಡುತ್ತಿರುವುದು ಕತ್ತಲಲ್ಲಿ ಕಣ್ಣು ಕಾಣುವ ಗೂಗೆಗೆ ಮಾತ್ರ ಗೊತ್ತು. ಕೊನೆಗೆ ಅದು ದರ್ಬಾರಿಗೆ ನುಗ್ಗಿ ಹೇಳುತ್ತದೆ: "ನನ್ನ ದನಿ ಕೆಟ್ಟದ್ದಲ್ಲ, ನಾ ತಂದ ಸುದ್ದಿ ಕೆಟ್ಟದ್ದು. ಮೊದಲು ನನ್ನ ಮಾತು ಕೇಳ್ರಿ!" ನನ್ನ ತವರು ಸಿಂಧನೂರಿನ ಕಡೆಯ ಸಾಲಗುಂದ. ಗೂಗೆ ಬಂದು ಕೂತು ಇಲಿ ಹಿಡಿಯಲಿ ಎಂದು ಅಪ್ಪ ಭತ್ತದ ಗದ್ದೆಯಲ್ಲಿ ಕೋಲು ನೆಡುತ್ತಿದ್ದ. ಕಥೆ ಹುಟ್ಟಿದ್ದು ಅಲ್ಲಿಂದ.

ಗೂಗೆಯ ಪಾತ್ರವನ್ನು ಐದನೇ ತರಗತಿಯ ಒಬ್ಬ ಹುಡುಗಿಗೆ ಕೊಟ್ಟೆ. ದಪ್ಪ ಕನ್ನಡಕದವಳು. ಆ ಕನ್ನಡಕ ಬಂದಾಗಿನಿಂದ ತರಗತಿಯವರೆಲ್ಲ ಅವಳನ್ನು "ಗೂಗಿ" ಎಂದೇ ಕರೆಯುತ್ತಿದ್ದರು. ನಾನು ಬೈದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅವಳು ಕನ್ನಡಕವನ್ನು ಚೀಲದೊಳಗೆ ತುರುಕಿ, ಬೋರ್ಡಿನ ಮೇಲಿನ ಅಕ್ಷರ ಕಾಣದೆ ಕೂರುತ್ತಿದ್ದಳು. ಪಾತ್ರ ಸಿಕ್ಕ ಮೇಲೆ ಅದು ಮೂಗಿನಿಂದ ಇಳಿಯಲೇ ಇಲ್ಲ. ಹಳೇ ಕೌದಿಯ ತುಂಡುಗಳಿಂದ ನಾನು ರೆಕ್ಕೆ ಹೊಲಿದುಕೊಟ್ಟೆ.

"ಅಕ್ಕೋರ, ಈ ಮಾತು ಜೋರಾಗಿ ಒದರ್ಲೇನ್ರಿ?" ಎಂದು ಕೇಳಿದಳು.

"ಒದರು. ಹಿಂದ ಕುಂತ ಮುದುಕೇರಿಗೂ ಕೇಳಬೇಕು," ಎಂದೆ.

ಇನ್ನೇನು ಕಾರ್ಯಕ್ರಮ ಬಂತು ಎನ್ನುವಾಗ ಶಾಲಾ ಸಮಿತಿಯ ಅಧ್ಯಕ್ಷರು ತಾಲೀಮು ನೋಡಲು ಬಂದರು. ಗೂಗೆ ಬಾಯಿ ತೆರೆದದ್ದೇ ತಡ, ಎದ್ದು ನಿಂತರು.

"ಅಕ್ಕೋರ, ಗೂಗಿ ಹೊಕ್ಕ ಮನೀಗೆ ಬೀಗ ಹಾಕಿ ಹೊರಗ ಬೀಳೋ ಮಂದಿ ನಾವು. ನೀವು ಹೊಸಾ ಕೋಣ್ಯಾಗ ಗೂಗಿ ಮಾತಾಡ್ಸಾಕತ್ತೀರಿ?"

"ಅದು ಕೂಸು ರೀ, ಗೂಗಿ ಅಲ್ಲ."

"ನಿಮಗ ಅದು ನಾಟಕ. ನಾಳೆ ಹುಡುಗ್ರಿಗೆ ಏನರ ಆದ್ರ ಯಾರು ಜವಾಬ್ದಾರಿ?"

ಹೆಡ್‌ಮಾಸ್ತರರು ನಡುವೆ ಬಂದು ರಾಜಿ ಮಾಡಿಸಿದರು. "ಗೂಗಿ ಸುಮ್ಮ ಕುಂದ್ರಲಿ. ಆಕಿ ಮಾತು ಗಿಣಿ ಹೇಳ್ಲಿ. ಎಲ್ಲಾರಿಗೂ ಸಮಾಧಾನ."

ಹಾಗಾದರೆ ನಾಟಕವೇ ಬೇಡ ಎಂದೆ. ನಾಟಕ ನಡೆಯಲೇಬೇಕು, ಬೇಕಾದರೆ ನೀವು ದೂರ ಇರಿ ಎಂದು ಇಬ್ಬರೂ ಹೇಳಿದರು. ಬಸ್ಸು ತಪ್ಪುವವರೆಗೂ ವಾದ ಮಾಡಿದೆ. ಗೂಗೆಯ ಬಾಯಿ ಮುಚ್ಚಿಸಬೇಡಿ ಎನ್ನುವ ನಾಟಕದಲ್ಲೇ ಗೂಗೆಯ ಬಾಯಿ ಮುಚ್ಚಿಸುತ್ತಿದ್ದೇವೆ ಎಂಬುದು ಅವರ ತಲೆಗೆ ಹೋಗಲೇ ಇಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ಉದ್ಘಾಟನೆಯ ದಿನ ಗೂಗೆ ಒಂದು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿತು. ಹಸಿರು ಲಂಗದ ಗಿಣಿ ಮುಂದೆ ಬಂದು, ಗೂಗಿ ಹೇಳೋದೇನಂದ್ರ ಎಂದು ಶುರುಮಾಡಿ, ಎಲ್ಲ ಮಾತನ್ನೂ ಒಂದಕ್ಷರ ತಪ್ಪದೆ ಒಪ್ಪಿಸಿತು. ಆ ಹುಡುಗಿಯದೇನು ತಪ್ಪು? ಹೇಳಿಕೊಟ್ಟದ್ದನ್ನು ಹೇಳಿದಳು. ನಾನು ಮಾತ್ರ ಮೂಲೆಯ ಕಡೆಗೇ ನೋಡುತ್ತಿದ್ದೆ. ಗಿಣಿಯ ಒಂದೊಂದು ಮಾತಿಗೂ ಗೂಗೆಯ ತುಟಿಗಳು ದನಿಯಿಲ್ಲದೆ ಅಲುಗುತ್ತಿದ್ದವು.

ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಮೈಕ್ ಹಿಡಿದು, "ಯಾರನ್ನೂ ಕೀಳಾಗಿ ಕಾಣಬಾರ್ದು ಅಂತ ಗಿಣಿ ಎಷ್ಟು ಚಂದ ಹೇಳ್ತು ನೋಡ್ರಿ!" ಎಂದು ಹೊಗಳಿ, ಗಿಣಿಗೆ ಸ್ಟೀಲಿನ ಟಿಫಿನ್ ಡಬ್ಬಿ ಕೊಟ್ಟರು. ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದವರು ಅದನ್ನು ಸಂತೋಷವೆಂದುಕೊಂಡರು.

ರೆಕ್ಕೆ ಬಿಚ್ಚುವಾಗ ಹುಡುಗಿ ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ಅಕ್ಕೋರ, ಮುಂದಿನ ಸಲ ನನ್ನ ಗಿಣಿ ಮಾಡ್ರಿ."

"ಯಾಕವಾ?"

"ಗಿಣಿ ಹೇಳಿದ್ರ ಕೇಳ್ತಾರ್ರಿ."

ಅಂಥ ಮಾತು ಆ ಮಗುವಿನ ಬಾಯಲ್ಲಿ ಬರಬಾರದೆಂದೇ ನಾನು ನಾಟಕ ಬರೆದದ್ದು. ರೆಕ್ಕೆ ಮಡಚುತ್ತಾ ಕೂತೆ. ಅವಳು ಕನ್ನಡಕ ತೆಗೆದು ಚೀಲದೊಳಗೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ ಬಾಗಿಲು ಹುಡುಕಿ ಹೊರಗೆ ಹೋದಳು.